ಆಪತ್ತಿನ ಫೈಲಿನ ನಾಲ್ಕನೆಯ ಪುಟ

ಗುರುಬಾಯಿಯ ಹೆಬ್ಬಟ್ಟನ್ನು ಮೋಸದಿಂದ ಒತ್ತಿಸಿಕೊಂಡವಳು ನಾನು. ಅವಳ ನೌಕರಿ ಖಾಯಂ ಆಗದಂತೆ ಮಾಡಿದವಳೂ ನಾನೇ. ಸರಕಾರ ಅಲ್ಲ, ವಿಶ್ವವಿದ್ಯಾಲಯ ಅಲ್ಲ, ಅವಳ ಹಣೆಬರಹವೂ ಅಲ್ಲ — ನಾನು. ಇದನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ನುಣುಚಿಕೊಳ್ಳುವ ಚಟ ನನಗೆ ಹಳೆಯದು. ನಾಲ್ಕು ಮಾತು ಪೀಠಿಕೆ ಹಾಕಲು ಬಿಟ್ಟರೆ ಐದನೆಯ ಮಾತಿಗೆ ನಾನು ನಿರಪರಾಧಿಯಾಗಿ ಕೂತಿರುತ್ತೇನೆ.

ನಾನು ಸಿಂದಗಿಯ ಹೊರಗಿನ ಒಂದು ಸ್ನಾತಕೋತ್ತರ ಕೇಂದ್ರದಲ್ಲಿ ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಈಗ ನಿವೃತ್ತಳು. ಗುರುಬಾಯಿ ನಮ್ಮ ವಿಭಾಗದ ದಿನಗೂಲಿ ಸಹಾಯಕಿ. ಯಂಕಂಚಿಯಿಂದ ದಿನಾಲೂ ಬಸ್ಸಿಗೆ ಬರುತ್ತಿದ್ದಳು. ಕೇಂದ್ರ ಶುರುವಾದಾಗ ಕಸ ಹೊಡೆಯಲು ಬಂದವಳು, ನಾನು ಬರುವಷ್ಟರಲ್ಲಿ ಇಡೀ ವಿಭಾಗವನ್ನೇ ನಡೆಸುತ್ತಿದ್ದಳು. ಯಾವ ಗಾಜಿನ ಕೊಳವೆ ಯಾವ ಕಪಾಟಿನಲ್ಲಿದೆ, ಯಾವ ಹುಡುಗಿ ಊಟ ಮಾಡದೆ ಪ್ರಯೋಗಾಲಯಕ್ಕೆ ಬಂದಿದ್ದಾಳೆ, ಯಾವ ಸರ್ ಯಾವ ಸರ್ ಜೊತೆ ಮಾತು ಬಿಟ್ಟಿದ್ದಾರೆ — ಎಲ್ಲ ಗೊತ್ತು. ಓದು ಬರಹ ಮಾತ್ರ ಬರುತ್ತಿರಲಿಲ್ಲ. ನನ್ನನ್ನು ‘ಬಾಯಾರ’ ಎನ್ನುತ್ತಿದ್ದಳು, ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರನ್ನು ಎಲ್ಲರೂ ಅನ್ನುವ ಹಾಗೆ. ಖಾಯಂ ಇದ್ದವರ ಮಾತಿನಲ್ಲಿ ಅವಳು ‘ಹೊರಗಿನವಳು’. ಅವಳಿಗೆ ಇದ್ದ ಆಸೆ ಒಂದೇ: ಖಾಯಂ ಆಗುವುದು. ಅರವತ್ತು ತುಂಬುವುದರೊಳಗೆ ಒಂದು ದಿನವಾದರೂ ಖಾಯಂ ಅನ್ನಿಸಿಕೊಂಡು ಸಹಿ ಪುಸ್ತಕದಲ್ಲಿ ಹೆಸರು ಬರೆಸುವುದು.

ಮಹಾಮಾರಿಯ ಎರಡು ವರ್ಷ ಕಳೆದ ಮೇಲೆ ವಿಶ್ವವಿದ್ಯಾಲಯದಿಂದ ಒಂದು ಸುತ್ತೋಲೆ ಬಂತು. ಪ್ರತಿಯೊಂದು ವಿಭಾಗವೂ ‘ಕಾರ್ಯ ನಿರಂತರತೆ ಯೋಜನೆ’ ಬರೆದಿಡಬೇಕು. ಅಂದರೆ, ನಾಳೆ ಬೆಂಕಿ ಬಿತ್ತು, ಹೊಳೆ ಬಂತು, ಕರೆಂಟು ಹೋಯಿತು, ಮುಖ್ಯಸ್ಥರೇ ಹಾಸಿಗೆ ಹಿಡಿದರು ಎಂದಿಟ್ಟುಕೊಳ್ಳಿ. ಆಗಲೂ ವಿಭಾಗದ ಕೆಲಸ ನಿಲ್ಲಬಾರದು. ಯಾವ ಕೆಲಸ ಒಂದು ದಿನವೂ ನಿಲ್ಲುವಂತಿಲ್ಲ, ಅದನ್ನು ಯಾರು ನೋಡಬೇಕು, ಅವರಿಲ್ಲದಿದ್ದರೆ ಎರಡನೆಯವರು ಯಾರು, ಕೀಲಿ ಯಾರ ಹತ್ತಿರ, ಫೋನು ಯಾರಿಗೆ — ಎಲ್ಲ ಬರೆದು, ಸಂಬಂಧಪಟ್ಟವರಿಂದ ಪುಟಪುಟಕ್ಕೂ ಸಹಿ ಮಾಡಿಸಿ ಇಡಬೇಕು. ನಾವು ಅದಕ್ಕೆ ‘ಆಪತ್ತಿನ ಫೈಲು’ ಎಂದು ಹೆಸರಿಟ್ಟೆವು.

ಬಹಳ ಜನ ಇಂಟರ್ನೆಟ್ಟಿನಲ್ಲಿ ಎಲ್ಲಿಂದಲೋ ಇಳಿಸಿಕೊಂಡು ಬರೆದರು. ಮುದ್ದೇಬಿಹಾಳದಲ್ಲಿದ್ದ ನನ್ನ ಗೆಳತಿಯೊಬ್ಬಳ ಫೈಲಿನಲ್ಲಿ ‘ಹಿಮಪಾತವಾದಾಗ ತೆಗೆದುಕೊಳ್ಳಬೇಕಾದ ಕ್ರಮಗಳು’ ಅಂತ ಅರ್ಧ ಪುಟ ಇತ್ತು! ಮೇ ತಿಂಗಳಲ್ಲಿ ಡಾಂಬರು ಕರಗಿ ಚಪ್ಪಲಿಗೆ ಹತ್ತುವ ಊರು ಅದು. ಫೋನಿನಲ್ಲೇ ನಕ್ಕು ನಕ್ಕು ನನಗೆ ಬಿಕ್ಕಳಿಕೆ ಬಂದಿತ್ತು. ನಾನು ಹಾಗೆ ಮಾಡುವವಳಲ್ಲ. ಕಾಗದದ ಮೇಲೆ ನಾನು ಹುಲಿ. ಹದಿನೈದು ದಿನ ಕೂತು ಒಂದೊಂದೇ ಕೆಲಸ ಎಣಿಸಿ, ಗೆರೆ ಹಾಕಿ, ಹನ್ನೊಂದು ಪುಟ ಸಿದ್ಧ ಮಾಡಿದೆ.

ನಾಲ್ಕನೆಯ ಪುಟ ಡೀಪ್ ಫ್ರೀಜರಿನದು. ನಮ್ಮ ವಿಭಾಗದಲ್ಲಿ ಒಂದು ದಿನವೂ ನಿಲ್ಲಬಾರದ ಕೆಲಸ ಅಂತ ನಿಜವಾಗಿ ಇದ್ದದ್ದು ಅದೊಂದೇ. ಹಲಸಂಗಿಯ ಸವಿತಾ ಎಂಬ ಸಂಶೋಧನಾ ವಿದ್ಯಾರ್ಥಿನಿ ನಾಲ್ಕು ವರ್ಷ ಇಂಡಿ, ಸಿಂದಗಿ ತಾಲ್ಲೂಕುಗಳ ಹೊಲ ಹೊಲ ತಿರುಗಿದ್ದಳು. ತೊಗರಿ ನಿಂತಲ್ಲೇ ಒಣಗುವ ನೆಟೆ ರೋಗ ಇದೆಯಲ್ಲ, ಸುತ್ತಲಿನ ಗಿಡವೆಲ್ಲ ಹಾಗೆ ಒಣಗಿದ್ದರೂ ನಡುವೆ ಹಸಿರಾಗಿ ನಿಂತ ಒಂದೊಂದು ಗಿಡ ಹುಡುಕಿ, ಅದರ ಬೇರಿನ ಮಣ್ಣಿನಿಂದ ಸೂಕ್ಷ್ಮಜೀವಿಗಳನ್ನು ಬೇರ್ಪಡಿಸಿದ್ದಳು. ಬೆರಳುದ್ದದ ಇನ್ನೂರಕ್ಕೂ ಮಿಕ್ಕಿದ ಕೊಳವೆಗಳು. ಅವಳ ಪದವಿ ಎಂದರೆ ಆ ಕೊಳವೆಗಳೇ.

ಆ ಪುಟದಲ್ಲಿ ‘ಮೊದಲ ಹೊಣೆ ಹಾಗೂ ಕೀಲಿ’ ಎಂಬಲ್ಲಿ ನನ್ನ ಹೆಸರು ಬರೆದೆ. ‘ಎರಡನೆಯ ಹೊಣೆ’ ಎಂಬಲ್ಲಿ — ಖಾಲಿ ಬಿಟ್ಟೆ. ಇಡೀ ಯೋಜನೆಯ ಜೀವ ಇರುವುದು ಆ ಎರಡನೆಯ ಹೆಸರಿನಲ್ಲಿ ಅಂತ ನನಗೆ ತಿಳಿಯದ್ದೇನಲ್ಲ. ನಾನಿರುವಾಗ ಇನ್ನೊಬ್ಬರು ಯಾಕೆ ಎಂಬ ಸೊಕ್ಕು. ಫ್ರೀಜರಿನ ಕೀಲಿ ನನ್ನ ಪರ್ಸಿನಲ್ಲೇ ಇರಬೇಕು, ಕೇಳಿದವರು ನನ್ನನ್ನೇ ಕೇಳಬೇಕು. ಅಷ್ಟೇ ಅದು.

ಬರೆದು ಮುಗಿಸಿದ ದಿನ ಸಿಬ್ಬಂದಿಯನ್ನೆಲ್ಲ ಕೂಡಿಸಿ ಜಂಬದಿಂದ ಓದಿ ಹೇಳಿದೆ. ಗುರುಬಾಯಿ ಚಹಾ ಕೊಡುತ್ತ ಕೊಡುತ್ತ ಕೇಳಿಸಿಕೊಂಡಳು. ಕೊನೆಗೆ ತಟ್ಟೆ ಹಿಡಿದು ನಿಂತೇ ಕೇಳಿದಳು: “ಬಾಯಾರ, ಎಳ್ಳಮಾಸಿ ದಿನ ಏನ್ ಮಾಡೂದ್ರಿ? ಎಲ್ಲಾರೂ ಹೊಲಕ್ಕ ಹೋಗಿರ್ತೀರಿ. ಆವತ್ತ ಕರೆಂಟ್ ಹೋದ್ರ ಯಾರಿಗ್ ಫೋನ್ ಹಚ್ಚೂದು?”

ಎಲ್ಲರೂ ಗೊಳ್ಳೆಂದು ನಕ್ಕರು. ಆದರೆ ಅವಳು ಕೇಳಿದ್ದು ಸುಳ್ಳೇನು? ಎಳ್ಳು ಅಮಾವಾಸ್ಯೆಗೆ ನಮ್ಮ ಕಡೆ ಊರಿಗೆ ಊರೇ ಬರಿದಾಗುತ್ತದೆ. ಬುತ್ತಿ ಕಟ್ಟಿಕೊಂಡು ಮಂದಿ ಮಕ್ಕಳೆಲ್ಲ ಹೊಲಕ್ಕೆ ಹೋಗಿ, ಭೂಮಿತಾಯಿಗೆ ನೈವೇದ್ಯದ ಚರಗ ಚೆಲ್ಲಿ, ಅಲ್ಲೇ ಉಂಡು ಇಳಿಹೊತ್ತಿಗೆ ಬರುತ್ತಾರೆ. ವಿಶ್ವವಿದ್ಯಾಲಯದ ರಜೆಯ ಪಟ್ಟಿಯಲ್ಲಿ ಮಾತ್ರ ಅದು ಕೆಲಸದ ದಿನ. ಖಾಯಂ ಇದ್ದವರು ರಜೆ ಹಾಕುತ್ತಾರೆ, ದಿನಗೂಲಿಯವರು ಕೆಲಸಕ್ಕೆ ಬರುತ್ತಾರೆ. ಬೆಂಕಿ, ಹೊಳೆ, ಭೂಕಂಪ ಎಲ್ಲ ಬರೆದ ನಾನು ನಮ್ಮದೇ ಹಬ್ಬವನ್ನು ಮರೆತಿದ್ದೆ.

ಮರೆತಿದ್ದೆ ಅಂತ ಒಪ್ಪಿಕೊಳ್ಳಬಹುದಿತ್ತು. ಆದರೆ ಎಲ್ಲರೆದುರಿಗೆ ಕಸ ಹೊಡೆಯುವವಳು ನನ್ನ ಫೈಲಿನಲ್ಲಿ ತಪ್ಪು ಹುಡುಕಿದಳಲ್ಲ! ನಾನೂ ನಕ್ಕು, “ಅಷ್ಟ್ಯಾಕ ಚಿಂತಿ ಮಾಡ್ತಿ? ನನಗ ಹಚ್ಚು. ನಾ ಎಲ್ಲಿದ್ರೂ ಎತ್ತತೇನಿ,” ಎಂದೆ. ಅಲ್ಲಿಗೇ ಬಿಡದೆ ಅವಳ ಮೊಬೈಲು ಇಸಿದುಕೊಂಡು, ಎರಡರ ಗುಂಡಿ ಒತ್ತಿ ಹಿಡಿದರೆ ನನಗೇ ಹೋಗುವ ಹಾಗೆ ಮಾಡಿಕೊಟ್ಟೆ. ವಿಶ್ವವಿದ್ಯಾಲಯಕ್ಕೆ ಒಂದು ಸಾಲಿನ ಪ್ರಮಾಣಪತ್ರ ಕಳಿಸಿದೆ: ಯೋಜನೆ ಸಿದ್ಧವಾಗಿದೆ, ಸಿಬ್ಬಂದಿಗೆ ತರಬೇತಿ ನೀಡಲಾಗಿದೆ. ಫೈಲು ನನ್ನ ಕಪಾಟಿನಲ್ಲೇ ಉಳಿಯಿತು.

ಆ ವರ್ಷದ ಎಳ್ಳಮಾಸಿ ಶುಕ್ರವಾರ ಬಂತು. ನಮ್ಮ ಹೊಲ ಮೋರಟಗಿಯ ಹತ್ತಿರ. ಮನೆಯವರು, ನಾದಿನಿಯರು, ಅವರ ಮಕ್ಕಳು — ಇಪ್ಪತ್ತು ಮಂದಿ ಸೇರಿದ್ದೆವು. ಹಿಂದಿನ ಸಂಜೆಯೇ ನಮ್ಮ ಕಟ್ಟಡದ ಮುಖ್ಯ ಸ್ವಿಚ್ಚು ಸುಟ್ಟುಹೋಗಿತ್ತಂತೆ, ಯಾರಿಗೂ ತಿಳಿದಿರಲಿಲ್ಲ. ಬೆಳಿಗ್ಗೆ ಗುರುಬಾಯಿ ಒಬ್ಬಳೇ ಬಂದು ಬಾಗಿಲು ತೆಗೆದಿದ್ದಾಳೆ. ಫ್ರೀಜರಿನ ದೀಪ ಆರಿದೆ, ಅಡಿಯಿಂದ ನೀರು ಜಿನುಗಲು ಶುರುವಾಗಿದೆ. ಎರಡರ ಗುಂಡಿ ಒತ್ತಿ ಹಿಡಿದಿದ್ದಾಳೆ.

ನನ್ನ ಫೋನು ರಿಂಗಾಯಿತು. ಹೆಸರು ನೋಡಿದೆ. ನೋಡಿಲ್ಲ ಅಂತ ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ, ಆದರೆ ನೋಡಿದೆ. ‘ಇವಳದೊಂದು ಕಾಟ, ಬೇಗ ಮನಿಗೆ ಹೋಗಲೇನ್ರಿ ಅಂತ ಕೇಳಾಕ ಹಚ್ಚಿರಬೇಕು’ ಅಂದುಕೊಂಡು ಕತ್ತರಿಸಿದೆ. ಮತ್ತೆ ಬಂತು, ಮತ್ತೆ ಕತ್ತರಿಸಿದೆ. ಮೂರನೆಯ ಸಲಕ್ಕೆ ಸಿಟ್ಟು ಬಂತು. ದನಿ ಅಡಗಿಸಿ ಚೀಲದೊಳಗೆ ತುರುಕಿದೆ. ಮಧ್ಯಾಹ್ನ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ ಹರವಿದ ಬಾಳೆಎಲೆಯ ಫೋಟೋ ತೆಗೆಯಲು ಅದನ್ನೇ ಹೊರಗೆ ತೆಗೆದೆ, ಗೆಳತಿಯರ ಗುಂಪಿಗೆ ಕಳಿಸಿದೆ. ಫೋಟೋದ ಮೇಲೆ ಗುರುಬಾಯಿಯ ಹೆಸರು ಸಾಲಾಗಿ ಬಿದ್ದಿತ್ತು. ಬೆರಳಿನಿಂದ ಸರಿಸಿದೆ. ಒಟ್ಟು ಒಂಬತ್ತು ಸಲ ಹಚ್ಚಿದ್ದಳು.

ಸಂಜೆಯಾದರೂ ತಿರುಗಿ ಫೋನು ಮಾಡಬಹುದಿತ್ತು. ಸಿಂದಗಿಗೆ ಅರ್ಧ ತಾಸಿನ ದಾರಿ, ಹೋಗಬಹುದಿತ್ತು. ಕೀಲಿ ನನ್ನ ಪರ್ಸಿನಲ್ಲೇ ಇತ್ತು. ಮೈ ಭಾರ, ಉಂಡದ್ದು ಹೆಚ್ಚಾಗಿತ್ತು… ನಾಳೆ ನೋಡಿದರಾಯಿತು ಎಂದು ಮಲಗಿದೆ.

ಶನಿವಾರ ಬೆಳಿಗ್ಗೆ ಹೋದಾಗ ಗುರುಬಾಯಿ ಫ್ರೀಜರಿನ ಪಕ್ಕ ಕೂತಿದ್ದಳು. ಅದರ ಮೈತುಂಬ ಹಳೆ ಸೀರೆ ಸೇರಿಸಿ ಹೊಲಿದ ಕೌದಿ ಹೊಚ್ಚಿದ್ದಳು, ಒಂದಲ್ಲ, ನಾಲ್ಕು. ಹಿಂದಿನ ದಿನ ನಾನು ಫೋನು ಎತ್ತದಿದ್ದಾಗ ಬಸ್ಸು ಹತ್ತಿ ಯಂಕಂಚಿಗೆ ಹೋಗಿ, ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಹೊತ್ತುಕೊಂಡು ಬಂದಿದ್ದಳು. “ಒಳಗಿಂದು ತಂಪು ಹೊರಗ ಹೋಗಬಾರದಲ್ರಿ, ಅದಕ್ಕ,” ಎಂದಳು. ಫೋನಿನ ಮಾತೇ ಎತ್ತಲಿಲ್ಲ. ಕೀಲಿ ಹಾಕಿ ತೆಗೆದೆ. ಒಂದೂವರೆ ದಿನದ ಮೇಲೆ ಅದರೊಳಗೆ ಉಳಿಯುವುದಾದರೂ ಏನು? ಸವಿತಾ ಹಲಸಂಗಿಯಿಂದ ಬಂದು ಕೊಳವೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದಳು. ಅಳಲಿಲ್ಲ ಮೊದಲಿಗೆ. ಎಣಿಸುತ್ತ ಹೋದಳು, ನಡುವೆ ಎಣಿಕೆ ತಪ್ಪಿತು, ಆಮೇಲೆ ಅತ್ತಳು.

ಬುಧವಾರ ವಿಶ್ವವಿದ್ಯಾಲಯದಿಂದ ಒಬ್ಬ ಪ್ರಾಧ್ಯಾಪಕರು ವಿಚಾರಣೆಗೆ ಬರುತ್ತಾರೆ, ಯೋಜನೆಯ ಫೈಲು ನೋಡುತ್ತಾರೆ ಅಂತ ಸೋಮವಾರ ತಿಳಿಯಿತು. ನಾಲ್ಕನೆಯ ಪುಟದಲ್ಲಿ ನನ್ನ ಹೆಸರು, ನನ್ನ ಸಹಿ, ಕೆಳಗೆ ಖಾಲಿ ಜಾಗ. ಆ ಖಾಲಿ ಜಾಗ ನೋಡಿದರೆ ತಪ್ಪು ಯಾರದೆಂದು ಯಾರಿಗಾದರೂ ತಿಳಿಯುತ್ತಿತ್ತು. ನನಗೆ ಆಗ ಕೇಂದ್ರದ ನಿರ್ದೇಶಕಿಯಾಗುವ ಮಾತು ನಡೆದಿತ್ತು.

ಬಾಗಿಲು ಹಾಕಿಕೊಂಡು ಆ ಪುಟವನ್ನು ಹೊಸದಾಗಿ ಟೈಪು ಮಾಡಿದೆ. ‘ಡೀಪ್ ಫ್ರೀಜರಿನ ದೈನಂದಿನ ಹೊಣೆ ಹಾಗೂ ಕೀಲಿ: ಗುರುಬಾಯಿ, ಸಹಾಯಕಿ.’ ತಾರೀಖು ಹಳೆಯದೇ ಹಾಕಿದೆ, ಜೂನ್ ತಿಂಗಳದು. ಆಮೇಲೆ ಗಂಟೆ ಒತ್ತಿ ಅವಳನ್ನು ಕರೆದೆ.

“ಇಲ್ಲೊಂದು ಹೆಬ್ಬಟ್ಟು ಒತ್ತು, ಗುರುಬಾಯಿ.”

“ಏನ್ರಿ ಇದು, ಬಾಯಾರ?”

“ಆಫೀಸಿನ ಕಾಗದ. ಆವಾಗ ಉಳದಿತ್ತು.”

ಅವಳು ಕೈ ಒರೆಸಿಕೊಂಡಳು. ಒಂದು ಗಳಿಗೆ ಕಾಗದ ನೋಡಿದಳು, ಒಂದು ಗಳಿಗೆ ನನ್ನ ಮುಖ. “ನೀವ್ ಒತ್ತಂದ್ರ ಒತ್ತತೇನಿ ಬಿಡ್ರಿ,” ಎಂದು ಒತ್ತಿದಳು. ಮಸಿ ಹೆಚ್ಚಾಗಿತ್ತೆಂದು ನಾನೇ ಹತ್ತಿ ಕೊಟ್ಟೆ. ಅಷ್ಟು ದಯೆ ನನ್ನಲ್ಲಿತ್ತು ನೋಡಿ.

ವಿಚಾರಣೆಗೆ ಬಂದವರು ಒಳ್ಳೆಯ ಮನುಷ್ಯ, ಗಡಿಬಿಡಿಯಲ್ಲಿದ್ದರು, ಉಳಿದ ಸಿಬ್ಬಂದಿಯನ್ನು ಕರೆಸಿ ಕೇಳಲಿಲ್ಲ. “ನಿಮಗೆ ಯಾರೂ ತಿಳಿಸಲಿಲ್ಲವೇ ಮೇಡಂ?” ಎಂದು ಕೇಳಿದರು. “ಹೊಲದಲ್ಲಿ ಸಿಗ್ನಲ್ ಇರಲಿಲ್ಲ ಸರ್,” ಎಂದೆ. ಎಳ್ಳಮಾಸಿಯ ದಿನ ಹೊಲದಲ್ಲಿ ಸಿಗ್ನಲ್ ಇಲ್ಲ ಅಂದರೆ ನಂಬದವರು ಯಾರು? ತಲೆ ಅಲ್ಲಾಡಿಸಿ ಬರೆದುಕೊಂಡರು. ಆಮೇಲೆ ಗುರುಬಾಯಿಯನ್ನು ಕರೆಸಿ ಪುಟ ತೋರಿಸಿ, ಅದರಲ್ಲಿದ್ದದ್ದನ್ನು ಓದಿ ಹೇಳಿದರು. ಕೀಲಿ ನಿನ್ನ ಹತ್ತಿರವಿತ್ತಲ್ಲ, ಕೊಳವೆಗಳನ್ನು ಬೇರೆ ಕಡೆ ಯಾಕೆ ಸಾಗಿಸಲಿಲ್ಲ?

“ನನ್ನ ಹಂತ್ಯಾಕ ಕೀಲಿ ಎಲ್ಲೈತ್ರಿ ಸಾಹೇಬ್ರ?” ಎಂದಳು. ಎಂದವಳು ನನ್ನ ಕಡೆ ತಿರುಗಿದಳು. ನಾನು ಫೈಲಿನ ದಾರ ಕಟ್ಟುತ್ತಿದ್ದೆ. ಬಹಳ ಹೊತ್ತು ಕಟ್ಟಿದೆ.

“ಮತ್ತೆ ಈ ಹೆಬ್ಬಟ್ಟು ಯಾರದು?”

“ಹೆಬ್ಬಟ್ಟು… ನಂದ ಐತ್ರಿ,” ಎಂದಳು.

ಕೌದಿಯ ಮಾತೂ ಬಂತು. ಗಾಳಿಯಾಡದಂತೆ ಮುಚ್ಚಿ ಇನ್ನಷ್ಟು ಕೆಡಿಸಿದ್ದಾಳೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು. ತಂಪು ಹೊರಹೋಗದಂತೆ ಕಾಯಲು ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ, ಅವಳು ಮಾಡಿದ್ದು ಸರಿ — ಇದು ನನಗೆ ಗೊತ್ತಿತ್ತು. ವಿಜ್ಞಾನದ ಪಾಠ ಹೇಳಿ ಸಂಬಳ ಎಣಿಸಿದವಳು ನಾನು. ಬಾಯಿ ಬಿಡಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅಂತಾರಲ್ಲ, ಹಾಗಾಯಿತು. ಬರೆಯ ಕೋಲು ನನ್ನ ಕೈಯಲ್ಲೇ ಇತ್ತು.

ವರದಿಯಲ್ಲಿ ಎರಡು ಸಾಲು ಬಂದವು. ಮುಖ್ಯಸ್ಥೆಯ ಯೋಜನೆ ಮಾದರಿಯಾಗಿದೆ. ಸಹಾಯಕಿ ಕರ್ತವ್ಯಲೋಪ ಎಸಗಿದ್ದಾಳೆ. ಅದೇ ಬೇಸಿಗೆಯಲ್ಲಿ ಬಹಳ ವರ್ಷ ದುಡಿದ ದಿನಗೂಲಿಯವರನ್ನು ಖಾಯಂ ಮಾಡುವ ಪಟ್ಟಿ ಹೊರಟಿತು. ಅದರಲ್ಲಿ ಗುರುಬಾಯಿಯ ಹೆಸರು ಇತ್ತು. ಆ ಸಾಲಿನ ಕಾರಣಕ್ಕೆ ಹೊಡೆದು ಹಾಕಿದರು. ಬೇರೆ ವಿಭಾಗಗಳಲ್ಲಿ ಅವಳ ಹಾಗೇ ಕಸ ಹೊಡೆಯುತ್ತಿದ್ದ ಇಬ್ಬರು ಖಾಯಂ ಆದರು. ಪೇಢೆ ಹಂಚಿದರು. ಹಂಚಲು ತಟ್ಟೆ ಹಿಡಿದು ಎಲ್ಲ ಕೋಣೆಗೂ ತಿರುಗಿದವಳು ಗುರುಬಾಯಿ. ನಾನೂ ಒಂದು ಪೇಢೆ ತೆಗೆದುಕೊಂಡೆ.

ಮುಂದೆ ಮೂರು ವರ್ಷ ಅವಳು ಅದೇ ದಿನಗೂಲಿಯ ಮೇಲೆ ನನ್ನ ಮೇಜು ಒರೆಸಿದಳು. ವರದಿಯನ್ನು ನಂಬಿದ ಸವಿತಾ ಅವಳ ಜೊತೆ ಮಾತು ಬಿಟ್ಟಳು. ಮೊದಲೆಲ್ಲ ಗುರುಬಾಯಿ ಅವಳಿಗೆಂದು ದಿನಾಲೂ ಒಂದು ಗರಿಗರಿ ಕಟಕ ರೊಟ್ಟಿ ತರುತ್ತಿದ್ದಳು. ಆಮೇಲೆ ತಂದದ್ದು ಹಾಗೇ ಗಂಟಿನಲ್ಲಿ ವಾಪಸ್ಸು ಹೋಗುತ್ತಿತ್ತು. ನಾನು ಎಲ್ಲ ನೋಡುತ್ತಿದ್ದೆ. ಸವಿತಾ ಮತ್ತೆ ಹೊಲ ತಿರುಗಿ, ಎರಡು ವರ್ಷ ತಡವಾಗಿ ಪದವಿ ಮುಗಿಸಿ, ಪ್ರಬಂಧದ ಮೊದಲ ಪುಟದಲ್ಲಿ ನನಗೆ ಕೃತಜ್ಞತೆ ಬರೆದಳು. ನಾನು ನಿರ್ದೇಶಕಿಯಾದೆ. ಗುರುಬಾಯಿಗೆ ಅರವತ್ತು ತುಂಬಿದ ದಿನ ಅವಳಿಗೆ ಬೀಳ್ಕೊಡುಗೆಯೂ ಇರಲಿಲ್ಲ; ದಿನಗೂಲಿಯವರಿಗೆ ಅದೆಲ್ಲ ಇರುವುದಿಲ್ಲ. ನಾಳೆಯಿಂದ ಬರಬೇಡ ಎಂದರಂತೆ, ಅಷ್ಟೇ. ಆಮೇಲೆ ನಾನೂ ನಿವೃತ್ತಳಾದೆ.

ಈಗ ಯಾಕೆ ಹೇಳುತ್ತಿದ್ದೇನೆ? ಮನಸ್ಸು ಕರಗಿತು ಅಂತ ಬರೆದರೆ ಅದೂ ಸುಳ್ಳು. ಸಿಕ್ಕಿಬಿದ್ದೆ. ಅದೂ ಚಪ್ಪಾಳೆಯ ನಡುವೆ.

ಕಳೆದ ತಿಂಗಳು ಬಸವನ ಬಾಗೇವಾಡಿಯಲ್ಲಿ ಒಂದು ಕಾಲೇಜಿನವರು ಕಾರ್ಯಾಗಾರ ಇಟ್ಟಿದ್ದರು. ವಿಷಯ ಇದೇ — ಆಪತ್ತಿನಲ್ಲೂ ವಿಭಾಗದ ಕೆಲಸ ನಿಲ್ಲದಂತೆ ಹೇಗೆ ಯೋಜಿಸಬೇಕು. ನನ್ನನ್ನು ಅತಿಥಿಯಾಗಿ ಕರೆದರು. ಶಾಲು, ಹಾರ, ಹಣ್ಣಿನ ಬುಟ್ಟಿ. ಆಮೇಲೆ ಒಬ್ಬ ಯುವ ಉಪನ್ಯಾಸಕ ಮಾದರಿ ಎಂದು ವಿಶ್ವವಿದ್ಯಾಲಯ ಎಲ್ಲ ಕಡೆ ಹಂಚಿದ್ದ ನನ್ನ ಫೈಲಿನ ಪುಟಗಳನ್ನು ಪರದೆಯ ಮೇಲೆ ಬಿಟ್ಟು ವಿವರಿಸತೊಡಗಿದ. ನಾಲ್ಕನೆಯ ಪುಟ ಬಂತು. ಅದರಲ್ಲಿದ್ದ ಹೆಬ್ಬಟ್ಟನ್ನು ದೊಡ್ಡದು ಮಾಡಿದ. ಗೆರೆ ಗೆರೆ, ಬಾಗಿಲಿನಷ್ಟು ಎತ್ತರ.

“ನೋಡ್ರಿ,” ಎಂದ ಅವನು, “ಮೇಡಂ ಅವ್ರ ದೊಡ್ಡತನಾ ಇಲ್ಲಿ ಐತಿ. ಅಕ್ಷರ ಬಾರದ ಒಬ್ಬ ಸಹಾಯಕಿಗೂ ತಿಳಿಸಿ ಹೇಳಿ, ಜವಾಬ್ದಾರಿ ಕೊಟ್ಟು, ಹೆಬ್ಬಟ್ಟು ಒತ್ತಿಸ್ಯಾರ. ಯೋಜನೆ ಅಂದ್ರ ಇದು!”

ಸಭೆ ಚಪ್ಪಾಳೆ ತಟ್ಟಿತು. ನನಗೆ ಎದ್ದು ನಿಲ್ಲಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. ಕುಂಬಳಕಾಯಿ ಕಳ್ಳನ ಹಾಗೆ ಸುತ್ತ ನೋಡಿದೆ, ಯಾರಿಗಾದರೂ ತಿಳಿಯಿತೇನೋ ಎಂದು. ಯಾರಿಗೂ ತಿಳಿಯಲಿಲ್ಲ. ಮೈಕು ಕೈಗೆ ಬಂತು. ಆಗ ಹೇಳಬಹುದಿತ್ತು… “ಇದೆಲ್ಲ ತಂಡದ ಕೆಲಸ,” ಎಂದೆ. ಥೂ ನನ್ನ ಜನ್ಮಕ್ಕೆ! ಹಾಗೆಂದೆ, ಊಟ ಮಾಡಿದೆ, ಮನೆಗೆ ಬಂದೆ.

ಮರುದಿನ ಯಂಕಂಚಿಗೆ ಹೋದೆ. ಇಷ್ಟು ವರ್ಷ ಅವಳ ಮನೆ ಎಲ್ಲಿದೆ ಎಂದೂ ನನಗೆ ಗೊತ್ತಿರಲಿಲ್ಲ, ಕೇಳಿಕೊಂಡು ಹೋದೆ. ಅವಳು ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಮೊರವನ್ನು ಬದಿಗಿಟ್ಟು ಎದ್ದಳು. “ಅಯ್ಯ, ಬಾಯಾರ! ಬರ್ರಿ, ಬರ್ರಿ ಒಳಗ. ನೀರ್ ಕುಡೀರಿ,” ಎಂದು ತಂಬಿಗೆ ತಂದಿಟ್ಟಳು.

ನೀರು ಕುಡಿಯುವ ಮೊದಲೇ ಹೇಳಿದೆ. ಕುಡಿದರೆ ಧೈರ್ಯ ಹೋದೀತು ಅನ್ನಿಸಿತು. ಪುಟ ಬದಲಿಸಿದ್ದು, ಹಳೆಯ ತಾರೀಖು ಹಾಕಿದ್ದು, ಸಿಗ್ನಲ್ ಇದ್ದದ್ದು — ಒಂದೇ ಉಸಿರಿಗೆ. ಮುಗಿದ ಮೇಲೆ ಅವಳು ಮೊರದೊಳಗಿನ ಕಾಳಿನಲ್ಲಿ ಕೈಯಾಡಿಸಿದಳು.

“ಗೊತ್ತಿತ್ರಿ,” ಎಂದಳು.

ನನಗೆ ಅರ್ಥವಾಗಲಿಲ್ಲ. “ಏನ್ ಗೊತ್ತಿತ್ತು?”

“ಹೆಬ್ಬಟ್ಟು ಒತ್ತಿದ್ದು ಎಳ್ಳಮಾಸಿ ಆದ್ ಮ್ಯಾಲ, ಸೋಮಾರ ದಿನ. ಆ ಸಾಹೇಬ್ರು ಓದಿ ಹೇಳಿದ್ದು ಜೂನ್ ತಿಂಗಳಿಂದು ಅಂತ. ಓದಾಕ ಬರಂಗಿಲ್ಲ ಅಂದ್ರ ದಿನಾ ಎಣಸಾಕೂ ಬರಂಗಿಲ್ಲ ಅಂತ ತಿಳಕೊಂಡಿದ್ರೇನ್ರಿ, ಬಾಯಾರ?”

ಹೌದು. ಹಾಗೇ ತಿಳಿದುಕೊಂಡಿದ್ದೆ. ಇಷ್ಟು ವರ್ಷ ನಾನು ನೆಮ್ಮದಿಯಿಂದ ಉಂಡು ಮಲಗಿದ್ದು ಆ ಒಂದು ತಿಳುವಳಿಕೆಯ ಮೇಲೆ. ಅವಳಿಗೆ ಗೊತ್ತಿಲ್ಲ, ಹಾಗಾಗಿ ನೋವಿಲ್ಲ…

“ಮತ್ತ ಅವತ್ತ ಯಾಕ ಹೇಳಲಿಲ್ಲ ನೀ?” ಎಂದೆ. ಕೇಳಿಯಾದ ಮೇಲೆ ನನಗೇ ಹೇಸಿಗೆಯಾಯಿತು.

“ಬಡವರ ಸಿಟ್ಟು ದವಡಿಗೆ ಮೂಲರಿ. ಯಾರ್ ಕೇಳ್ತಿದ್ರು ನನ್ನ ಮಾತ?” ಎಂದಳು. ಆಮೇಲೆ ದನಿ ಇಳಿಸಿ, “ಮತ್ತ ನೀವ ಹೇಳ್ತೀರಿ ಅಂತ ಕಾಯ್ದೀನ್ರಿ. ಇವತ್ತ ಹೇಳ್ತಾರ, ನಾಳಿ ಹೇಳ್ತಾರ ಅಂತ. ದಿನಾ ನಿಮ್ಮ ಮೇಜ ಒರಸೂ ಮುಂದ ಅನಕೋತಿದ್ದೆ, ಇವತ್ತರೆ ಹೇಳ್ತಾರ. ಅರವತ್ತ ತುಂಬಿದ್ ದಿನಾನೂ ಕಾಯ್ದೆ,” ಎಂದಳು.

ನಾನು ಅಲ್ಲಿ ಅತ್ತೆ. ಅವಳು ಅಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಳ್ಳಿ ಎಂದು ನನಗೇ ಹೇಳಿದಳು. ವಿಶ್ವವಿದ್ಯಾಲಯಕ್ಕೆ ಎಲ್ಲ ಬರೆದು ಕಳಿಸುತ್ತೇನೆ ಎಂದೆ. “ಬರೀರಿ,” ಎಂದಳು, ಬೇಡ ಅನ್ನಲಿಲ್ಲ. ಬೇಡ ಅನ್ನಲಿ ಎಂದು ನನ್ನೊಳಗೆ ಎಲ್ಲೋ ಒಂದು ಆಸೆ ಇತ್ತು, ಅದನ್ನೂ ಬರೆದುಬಿಡುತ್ತೇನೆ.

ಸವಿತಾ ಈಗ ಇಂಡಿಯಲ್ಲಿ ಪಾಠ ಹೇಳುತ್ತಾಳೆ. ಅವಳಿಗೆ ಫೋನು ಮಾಡಿ ತಿಳಿಸಿದೆ. ಪೂರ್ತಿ ಕೇಳಿ, “ಗುರುಬಾಯಕ್ಕನ ಊರಿಗೆ ಬಸ್ಸು ಎಷ್ಟೊತ್ತಿಗೆ ಅದಾವ್ರಿ ಮೇಡಂ?” ಎಂದು ಕೇಳಿ, ನಾನು ಉತ್ತರ ಹೇಳುತ್ತಿರುವಾಗಲೇ ಇಟ್ಟುಬಿಟ್ಟಳು.

ವಾರ ಕೂತು ಪತ್ರ ಬರೆದೆ. ಮೂರು ಪುಟ. ಹಳೆಯ ನಾಲ್ಕನೆಯ ಪುಟವನ್ನು ನಾನು ಹರಿದಿರಲಿಲ್ಲ, ಮನೆಯಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದೆ, ಅದನ್ನೂ ಲಗತ್ತಿಸಿದೆ. ಕಳಿಸುವ ಮೊದಲು ಯಂಕಂಚಿಗೆ ಒಯ್ದು ಗುರುಬಾಯಿಗೆ ಓದಿ ಹೇಳಿದೆ. ನನ್ನ ಪಶ್ಚಾತ್ತಾಪ, ನನ್ನ ಅಹಂಕಾರ, ನನ್ನ ನಿದ್ದೆಯಿಲ್ಲದ ದಿನಗಳು — ಚೆನ್ನಾಗಿ ಬರೆದಿದ್ದೆ. ಒಳ್ಳೆಯ ಸಾಲು ಬಂದಲ್ಲಿ ನಿಧಾನವಾಗಿ ಓದಿದೆ.

ಅವಳು ಕೊನೆಯವರೆಗೂ ಕೇಳಿದಳು. ಆಮೇಲೆ ಕೇಳಿದಳು: “ಇದರಾಗ ಎಲ್ಲಾ ನಿಮ್ಮದ ಐತಲ್ರಿ ಬಾಯಾರ. ನಂದೆಲ್ಲೈತಿ?”

ಪುಟ ತಿರುವಿದೆ. ಅವಳ ಹೆಸರು ಎರಡು ಕಡೆ ಇತ್ತು, ಎರಡೂ ಕಡೆ ನನ್ನ ದುಃಖದ ಕಾರಣವಾಗಿ. ಅವಳು ಆ ದಿನ ಏನು ಮಾಡಿದಳು ಅಂತ ಒಂದೇ ಒಂದು ಸಾಲು ಇರಲಿಲ್ಲ.

“ಏನ್ ಬರೀಲಿ, ಹೇಳು,” ಎಂದೆ.

ಅವಳು ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ಒಂದು ಪುಟವೂ ಆಗಲಿಲ್ಲ. ಎಳ್ಳಮಾಸಿಯ ದಿನ ವಿಭಾಗಕ್ಕೆ ಬಂದವಳು ಗುರುಬಾಯಿ ಒಬ್ಬಳೇ. ಅವಳ ಬಳಿ ಕೀಲಿ ಇರಲಿಲ್ಲ. ಒಂಬತ್ತು ಸಲ ಫೋನು ಮಾಡಿದಳು. ಮನೆಯಿಂದ ನಾಲ್ಕು ಕೌದಿ ತಂದು ಹೊಚ್ಚಿದಳು. ಅದು ಸರಿಯಾದ ಕೆಲಸವಾಗಿತ್ತು. ಕೊನೆಯ ಸಾಲನ್ನು ಅವಳು ಎರಡು ಸಲ ಓದಿಸಿಕೊಂಡಳು. ನನ್ನ ಮೂರು ಪುಟಗಳನ್ನು ಅಲ್ಲೇ ಹರಿದು, ಇದನ್ನು ಹಳೆಯ ಪುಟದ ಜೊತೆ ಕಳಿಸಿದೆ.

ತಲುಪಿದೆ ಎಂದು ಅಂಚೆಯ ಚೀಟಿ ಬಂದಿದೆ, ಉತ್ತರ ಬಂದಿಲ್ಲ. ಕರೆದರೆ ಹೋಗುತ್ತೇನೆ, ಕೇಳಿದ್ದಕ್ಕೆಲ್ಲ ಹೇಳುತ್ತೇನೆ. ಆದರೆ ಗುರುಬಾಯಿ ಇನ್ನು ಖಾಯಂ ಆಗುವುದಿಲ್ಲ. ಅರವತ್ತು ದಾಟಿದವರಿಗೆ ಆ ನಿಯಮವಿಲ್ಲ. ಅವಳಿಗೆ ಐವತ್ತೊಂಬತ್ತು ಇದ್ದಾಗ ಹೇಳಿದ್ದರೂ ಆಗುತ್ತಿತ್ತು. ಆ ವರ್ಷವೆಲ್ಲ ಅವಳು ದಿನಾಲೂ ಬೆಳಿಗ್ಗೆ ನನ್ನ ಮೇಜಿನ ಹತ್ತಿರ ಬಟ್ಟೆ ಹಿಡಿದು ನಿಂತಿರುತ್ತಿದ್ದಳು, ಮತ್ತು ನಾನು ಅವಳಿಗೆ, ಕೆಲಸ ಆತಲ್ಲ, ಹೋಗಿನ್ನ, ಎನ್ನುತ್ತಿದ್ದೆ.